ಕೀಲಿ ಸರ್ವರಿಗೆ, ಕೀಲಿಕೈ ನಿಮಗೆ: ಪಾಸ್‌ವರ್ಡ್ ಇಲ್ಲದೆ ಎಸ್‌ಎಸ್‌ಎಚ್ ಲಾಗಿನ್

ಬಾಗಲಕೋಟೆ, ವಿಜಯಪುರದ ಕಡೆ ನಾವು ಬೀಗಕ್ಕೆ ‘ಕೀಲಿ’ ಅಂತೀವಿ. ಅದನ್ನು ತೆಗೆಯುವುದು ‘ಕೀಲಿಕೈ’. ಬೆಂಗಳೂರಿನ ಕಡೆಯವರಿಗೆ ಇದು ಸ್ವಲ್ಪ ಗೊಂದಲ. ಎಸ್‌ಎಸ್‌ಎಚ್ ಅಂದರೆ ದೂರದ ಕಂಪ್ಯೂಟರ್ ಒಳಗೆ, ಅಂದರೆ ಸರ್ವರ್ ಒಳಗೆ, ಭದ್ರವಾಗಿ ಹೋಗಿ ಕೆಲಸ ಮಾಡುವ ತಂತ್ರಾಂಶ. ಅದರಿಂದ ಸರ್ವರ್‌ಗೆ ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವುದನ್ನು ವಿವರಿಸಲು ನಮ್ಮ ಈ ಎರಡು ಮಾತಿನಷ್ಟು ಹೊಂದುವ ಮಾತು ನನಗೆ ಬೇರೆ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಪಬ್ಲಿಕ್ ಕೀ, ಪ್ರೈವೇಟ್ ಕೀ ಅಂತ ಎರಡಕ್ಕೂ ‘ಕೀ’ ಅಂತಲೇ ಹೆಸರು. ಹೊಸಬರು ಎಡವುವುದು ಅಲ್ಲೇ. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಅಂತ ಹೆಸರಿನಿಂದ ಗೊತ್ತಾಗುವುದಿಲ್ಲ.

ಪಬ್ಲಿಕ್ ಕೀ ಅಂದರೆ ಕೀಲಿ. ಅದನ್ನು ಒಯ್ದು ಸರ್ವರ್‌ನ ಬಾಗಿಲಿಗೆ ಹಾಕುತ್ತೀರಿ. ಯಾರು ನೋಡಿದರೂ ಭಯವಿಲ್ಲ. ಪ್ರೈವೇಟ್ ಕೀ ಅಂದರೆ ಕೀಲಿಕೈ. ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಬಾರದು. ಈ ಲೇಖನದ ಉದ್ದಕ್ಕೂ ನಾನು ಈ ಅರ್ಥದಲ್ಲೇ ಬರೆಯುತ್ತೇನೆ.

ಇನ್ನೊಂದು ಮಾತು. ನಾನು ಈ ಕೆಲಸ ಕಲಿಸಿದ್ದೆಲ್ಲ ಹೆಚ್ಚಾಗಿ ಫೋನಿನಲ್ಲೇ. ಬಾಗಲಕೋಟೆಯ ನವನಗರದಲ್ಲಿ ಕೂತು ಇಳಕಲ್‌ನವರಿಗೆ, ವಿಜಯಪುರದವರಿಗೆ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ಹೇಳಿದ್ದೇನೆ. ಹಾಗಾಗಿ ಇಲ್ಲಿಯೂ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ತಪ್ಪುವ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ.

ಮೂರು ಜನ, ಒಂದು ಪಾಸ್‌ವರ್ಡ್

ಇಳಕಲ್‌ನ ಒಂದು ಸೀರೆ ಅಂಗಡಿಯ ಆರ್ಡರ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಪಾಸ್‌ವರ್ಡ್ ಒಂದೇ. ಅದು ನನಗೆ ಗೊತ್ತಿತ್ತು, ಅಂಗಡಿಯ ಮಾಲೀಕರಿಗೆ ಗೊತ್ತಿತ್ತು, ಅಲ್ಲಿ ಕೆಲಸಕ್ಕಿದ್ದ ಹುಡುಗನಿಗೂ ಗೊತ್ತಿತ್ತು. ಹುಡುಗ ಪುಣೆಗೆ ಹೋದ. ಪಾಸ್‌ವರ್ಡ್ ಬದಲಿಸಿದೆ. ಹೊಸದನ್ನು ಮಾಲೀಕರಿಗೆ ಫೋನಿನಲ್ಲಿ ಹೇಳಿದೆ. ಅವರು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡರು. ನೆನಪಿರಲಿ ಅಂತ ಅಂಗಡಿಯ ಹೆಸರಿಗೆ ಒಂದಿಷ್ಟು ಅಂಕಿ ಸೇರಿಸಿದ್ದೆ, ಅಷ್ಟೇ.

ಒಂದು ದಿನ ಸರ್ವರ್ ನಿಧಾನವಾಯಿತು. ಒಳಗೆ ಹೋಗಿ ನೋಡಿದರೆ ಪ್ರೊಸೆಸರ್ ಪೂರ್ತಿ ಬೇರೆ ಯಾರದೋ ಕೆಲಸ ಮಾಡುತ್ತಿತ್ತು. ಯಾರು ಬಂದರು, ಹೋದರು ಅಂತ ಸರ್ವರ್ ಬರೆದಿಡುವ ಲಾಗ್‌ನಲ್ಲಿ ‘ಫೇಲ್ಡ್ ಪಾಸ್‌ವರ್ಡ್’ ಎಂಬ ಸಾಲು ಪುಟಗಟ್ಟಲೆ ಇತ್ತು. ಕೊನೆಗೆ ಒಂದು ಕಡೆ ‘ಆಕ್ಸೆಪ್ಟೆಡ್ ಪಾಸ್‌ವರ್ಡ್’. ಯಾರೋ ಊಹಿಸಿ ಒಳಗೆ ಬಂದಿದ್ದರು. ಆ ಸರ್ವರನ್ನು ಅಳಿಸಿ ಮೊದಲಿನಿಂದ ಕಟ್ಟಬೇಕಾಯಿತು. ಆರ್ಡರ್‌ಗಳ ಬ್ಯಾಕಪ್ ಬೇರೆ ಕಡೆ ಇದ್ದದ್ದರಿಂದ ಉಳಿದೆವು.

ಇಂಟರ್‌ನೆಟ್‌ಗೆ ತೆರೆದುಕೊಂಡ ಸರ್ವರ್ ಯಾವುದೇ ಇರಲಿ, ಎಸ್‌ಎಸ್‌ಎಚ್‌ನ ಬಾಗಿಲಾದ 22ನೇ ಪೋರ್ಟ್‌ಗೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಬಂದು ಬಡಿಯುತ್ತಲೇ ಇರುತ್ತವೆ. ನಿಮ್ಮ ಅಂಗಡಿ ಸಣ್ಣದು, ಯಾರು ನೋಡುತ್ತಾರೆ ಅನ್ನಬೇಡಿ. ಅವು ಅಂಗಡಿ ನೋಡಿ ಬರುವುದಿಲ್ಲ, ಐಪಿ ವಿಳಾಸ ನೋಡಿ ಬರುತ್ತವೆ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಇಂಥ ಒಂದು ಘಟನೆಯಿಂದ. 1995ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದರು. ಆಗ ಅಲ್ಲಿದ್ದ ತತು ಯಲೋನೆನ್ ಇದನ್ನು ಬರೆದರು. ಅದಕ್ಕೂ ಮುಂಚೆ ದೂರದ ಕಂಪ್ಯೂಟರ್‌ಗೆ ಹೋಗಲು ಬಳಸುತ್ತಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬರಿ ಮಾತಿನಂತೆ ಹರಿದು ಹೋಗುತ್ತಿತ್ತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಹತ್ತಿದವರಿಗೆ ಇದು ಗೊತ್ತು. ಈ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಆಚೆ ಗೋಡೆಗೆ ಕಿವಿಯಿಟ್ಟವರಿಗೆಲ್ಲ ಕೇಳುತ್ತದೆ. ಎಸ್‌ಎಸ್‌ಎಚ್ ಆ ಮಾತನ್ನು ಗುಟ್ಟಿನ ಭಾಷೆಗೆ ಬದಲಿಸಿತು. ಇವತ್ತು ನಾವು ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಂಡದಿಂದ ಬಂತು.

ಆದರೆ ದಾರಿ ಭದ್ರವಾದರೂ, ಪಾಸ್‌ವರ್ಡ್ ಕೊನೆಗೆ ಸರ್ವರ್‌ನ ಕೈಗೆ ಹೋಗಿ ಮುಟ್ಟುತ್ತದೆ. ಊಹಿಸುವವರನ್ನೂ ಅದು ತಡೆಯುವುದಿಲ್ಲ. ಕೀಲಿಕೈ ಪದ್ಧತಿಯಲ್ಲಿ ನಿಮ್ಮ ಗುಟ್ಟು ಸರ್ವರ್‌ಗೆ ಹೋಗುವುದೇ ಇಲ್ಲ. ನಿಮ್ಮ ಕಂಪ್ಯೂಟರ್ ಕೀಲಿಕೈ ಬಳಸಿ ಆ ಒಂದು ಸಂಪರ್ಕಕ್ಕೆ ಮಾತ್ರ ಹೊಂದುವ ಸಹಿ ಹಾಕುತ್ತದೆ. ಸರ್ವರ್ ತನ್ನ ಬಳಿಯಿರುವ ಕೀಲಿಗೆ ಆ ಸಹಿ ಹೊಂದುತ್ತದಾ ಅಂತ ನೋಡುತ್ತದೆ. ಹೊಂದಿದರೆ ಬಾಗಿಲು ತೆರೆಯುತ್ತದೆ. ನಾಳೆಯ ಸಂಪರ್ಕಕ್ಕೆ ಇವತ್ತಿನ ಸಹಿ ನಡೆಯುವುದಿಲ್ಲ.

ಟೈಪ್ ಮಾಡುವ ಕಷ್ಟ ತಪ್ಪುತ್ತದೆ ಅಂತ ಜನ ಇದನ್ನು ಮಾಡಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೂರು ಜನಕ್ಕೆ ಗೊತ್ತಿರುವ ಪಾಸ್‌ವರ್ಡ್‌ನ್ನು ಒಬ್ಬನಿಂದ ಮಾತ್ರ ವಾಪಸ್ ಪಡೆಯಲು ಆಗುವುದಿಲ್ಲ. ಕೀಲಿಗಳಲ್ಲಿ ಅದು ಆಗುತ್ತದೆ. ಹೊಲದ ಗೇಟಿಗೆ ಒಂದು ಸರಪಳಿ, ಆ ಸರಪಳಿಗೆ ಒಂದಕ್ಕೊಂದು ಕೊಂಡಿಯಾಗಿ ಮೂರು ಕೀಲಿ ಅಂತ ಇಟ್ಟುಕೊಳ್ಳಿ. ಅಣ್ಣ ತನ್ನ ಕೀಲಿ ತೆಗೆದರೂ ಗೇಟು ತೆರೆಯುತ್ತದೆ, ತಮ್ಮ ತನ್ನದು ತೆಗೆದರೂ ತೆರೆಯುತ್ತದೆ. ಒಬ್ಬರು ಪಾಲು ಬಿಟ್ಟರೆ ಅವರ ಕೀಲಿ ಮಾತ್ರ ಬಿಚ್ಚಿದರೆ ಸಾಕು. ಉಳಿದವರ ಕೀಲಿಕೈ ಬದಲಾಗುವುದಿಲ್ಲ. ಸರ್ವರ್‌ನಲ್ಲಿ ಆ ಸರಪಳಿಯೇ ‘ಆಥರೈಸ್ಡ್_ಕೀಸ್’ ಎಂಬ ಫೈಲ್. ಒಂದು ಸಾಲು ಅಂದರೆ ಒಂದು ಕೀಲಿ.

ಶುರು ಮಾಡುವ ಮುಂಚೆ

ಸರ್ವರ್‌ನ ವಿಳಾಸ, ನಿಮ್ಮ ಯೂಸರ್ ಹೆಸರು, ಈಗ ನಡೆಯುತ್ತಿರುವ ಪಾಸ್‌ವರ್ಡ್ ಬೇಕು. ಲಿನಕ್ಸ್, ಮ್ಯಾಕ್ ಇದ್ದರೆ ಟರ್ಮಿನಲ್ ತೆರೆಯಿರಿ. ವಿಂಡೋಸ್ 10 ಅಥವಾ 11 ಇದ್ದರೆ ಪವರ್‌ಶೆಲ್ ತೆರೆಯಿರಿ. ಎಸ್‌ಎಸ್‌ಎಚ್ ಈಗ ವಿಂಡೋಸ್ ಜೊತೆಗೇ ಬರುತ್ತದೆ, ಬೇರೆ ತಂತ್ರಾಂಶ ಹುಡುಕಬೇಕಿಲ್ಲ.

ಉದಾಹರಣೆಗೆ ಯೂಸರ್ ಹೆಸರು ‘ನೇಕಾರ’, ವಿಳಾಸ 203.0.113.10 ಅಂತ ಇಟ್ಟುಕೊಳ್ಳೋಣ. ಈ ವಿಳಾಸ ಉದಾಹರಣೆಗಳಿಗೆಂದೇ ಮೀಸಲಿಟ್ಟಿರುವುದು, ಅಲ್ಲಿ ಯಾವ ಸರ್ವರ್ರೂ ಇಲ್ಲ. ಮೊದಲು ಹಳೆಯ ರೀತಿಯಲ್ಲೇ ಒಮ್ಮೆ ಒಳಗೆ ಹೋಗಿ ಬನ್ನಿ:

ಎಸ್‌ಎಸ್‌ಎಚ್ ನೇಕಾರ@203.0.113.10

ಮೊದಲ ಸಲ ಹೋದಾಗ ಸರ್ವರ್ ತನ್ನ ಬೆರಳಚ್ಚು, ಅಂದರೆ ತನ್ನನ್ನು ಗುರುತಿಸುವ ಅಕ್ಷರಗಳ ಸಾಲು, ತೋರಿಸಿ, ‘ಯೆಸ್’ ಅನ್ನುತ್ತೀರಾ ಅಂತ ಕೇಳುತ್ತದೆ. ಎಲ್ಲರೂ ನೋಡದೇ ಯೆಸ್ ಅಂತಾರೆ. ಸರ್ವರ್ ಬಾಡಿಗೆ ಕೊಟ್ಟ ಕಂಪನಿಯ ಪುಟದಲ್ಲಿ ಇಲ್ಲವೇ ಅವರ ಕನ್ಸೋಲ್‌ನಲ್ಲಿ ಆ ಬೆರಳಚ್ಚು ಸಿಗುತ್ತದೆ. ಎರಡೂ ಒಂದೇನಾ ಅಂತ ಒಮ್ಮೆ ನೋಡಿ. ನೀವು ಹೋಗುತ್ತಿರುವುದು ನಿಮ್ಮ ಸರ್ವರ್‌ಗೇ ಅಂತ ಖಾತ್ರಿ ಮಾಡಿಕೊಳ್ಳಲು ಸಿಗುವ ಅವಕಾಶ ಇದೊಂದೇ.

ನೋಡಿದ ಮೇಲೆ ‘ಎಕ್ಸಿಟ್’ ಕೊಟ್ಟು ಹೊರಗೆ ಬನ್ನಿ. ಮುಂದಿನ ಹೆಜ್ಜೆ ನಿಮ್ಮ ಕಂಪ್ಯೂಟರ್‌ನಲ್ಲಿ ನಡೆಯಬೇಕು. ಕೀಲಿಯನ್ನು ಸರ್ವರ್‌ನ ಮೇಲೆಯೇ ತಯಾರಿಸಿದವರನ್ನು ತುಂಬಾ ನೋಡಿದ್ದೇನೆ. ಹಾಗೆ ಮಾಡಿದರೆ ಕೀಲಿಕೈ ಬಾಗಿಲಲ್ಲೇ ಉಳಿಯುತ್ತದೆ.

ಕೀಲಿ, ಕೀಲಿಕೈ ಮಾಡುವುದು

ಮೊದಲೇ ಒಂದು ಜೋಡಿ ಇದೆಯಾ ನೋಡಿ:

ಎಲ್‌ಎಸ್ ~/.ಎಸ್‌ಎಸ್‌ಎಚ್

ಅಲ್ಲಿ ‘ಐಡಿ_ಇಡಿ25519’ ಮತ್ತು ಅದೇ ಹೆಸರಿಗೆ ‘.ಪಬ್’ ಸೇರಿದ ಇನ್ನೊಂದು ಫೈಲ್ ಕಂಡರೆ ಜೋಡಿ ಇದೆ ಅಂತ ಅರ್ಥ. ಅದನ್ನೇ ಬಳಸಬಹುದು. ಇಲ್ಲದಿದ್ದರೆ ಹೊಸದು ಮಾಡಿ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಸಿ "ಮನೆ-ಲ್ಯಾಪ್‌ಟಾಪ್"

ಕೀಜೆನ್ ಅಂದರೆ ಕೆ, ಇ, ವೈ, ಜಿ, ಇ, ಎನ್. ಟಿ ಸಣ್ಣಕ್ಷರ, ಸಿ ಮಾತ್ರ ದೊಡ್ಡಕ್ಷರ. ಸಿ ಆದ ಮೇಲೆ ಬರುವುದು ಬರಿ ಗುರುತಿನ ಚೀಟಿ. ಯಾರದು, ಯಾವ ಕಂಪ್ಯೂಟರ್‌ದು ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಈಗ ಇದು ಚಿಕ್ಕ ವಿಷಯ ಅನಿಸುತ್ತದೆ. ಎರಡು ವರ್ಷ ಆದ ಮೇಲೆ ಸರ್ವರ್‌ನಲ್ಲಿ ಆರು ಕೀಲಿ ಇದ್ದಾಗ, ಯಾವುದು ಯಾರದು ಅಂತ ಹೇಳುವುದು ಈ ಚೀಟಿ ಮಾತ್ರ.

ಇಡಿ25519 ಅನ್ನುವುದು ಕೀಲಿಯ ಒಂದು ಬಗೆ. ಅದೇ ಯಾಕೆ? ಹಳೆಯ ಲೇಖನಗಳು ಆರ್‌ಎಸ್‌ಎ ಎಂಬ ಇನ್ನೊಂದು ಬಗೆಯನ್ನು ಹೇಳುತ್ತವೆ. ಅದು ಕೆಟ್ಟದ್ದಲ್ಲ. 3072 ಅಥವಾ 4096 ಬಿಟ್ ಇದ್ದರೆ ಈಗಲೂ ಭದ್ರವೇ. ಆದರೆ ಇಡಿ25519 ಕೆಲಸದಲ್ಲಿ ಚುರುಕು, ಸಾಲೂ ಗಿಡ್ಡ. ಪಬ್ ಫೈಲ್‌ನ ತಿರುಳು ಕೇವಲ 68 ಅಕ್ಷರ. ಓಪನ್‌ಎಸ್‌ಎಸ್‌ಎಚ್‌ಗೆ ಇದು 2014ರಲ್ಲೇ ಬಂದಿದೆ. 2023ರ 9.5 ಆವೃತ್ತಿಯಿಂದ ಕೀಜೆನ್ ತಾನಾಗಿಯೇ ಇದನ್ನು ಆರಿಸುತ್ತದೆ. ತೀರಾ ಹಳೆಯ ಯಂತ್ರಕ್ಕೆ ಹೋಗಬೇಕಿದ್ದರೆ ಮಾತ್ರ ಆರ್‌ಎಸ್‌ಎ ಮಾಡಿ.

ಎಲ್ಲಿ ಇಡಬೇಕು ಅಂತ ಕೇಳಿದಾಗ ಎಂಟರ್ ಒತ್ತಿ. ‘ಓವರ್‌ರೈಟ್’ ಅಂತ ಪ್ರಶ್ನೆ ಬಂದರೆ ಕೈ ತೆಗೆಯಿರಿ, ಎನ್ ಒತ್ತಿ. ವೈ ಒತ್ತಿದರೆ ಹಳೆಯ ಕೀಲಿಕೈ ಅಳಿದು ಹೋಗುತ್ತದೆ. ಅದರಿಂದ ತೆರೆಯುತ್ತಿದ್ದ ಬಾಗಿಲುಗಳೆಲ್ಲ ಆ ಕ್ಷಣಕ್ಕೆ ಮುಚ್ಚಿದಂತೆ.

ನಂತರ ಪಾಸ್‌ಫ್ರೇಸ್ ಕೇಳುತ್ತದೆ. ಇಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. “ಪಾಸ್‌ವರ್ಡ್ ಬ್ಯಾಡ ಅಂತ ಹೇಳಿದ್ರಿ, ಮತ್ತ ಇದೇನ್ರೀ ಅಣ್ಣಾ?” ಎರಡಕ್ಕೂ ವ್ಯತ್ಯಾಸವಿದೆ. ಪಾಸ್‌ವರ್ಡ್ ಸರ್ವರ್‌ಗೆ ಹೋಗುತ್ತದೆ. ಪಾಸ್‌ಫ್ರೇಸ್ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ, ಕೀಲಿಕೈ ಇಟ್ಟ ತಿಜೋರಿಯನ್ನು ತೆರೆಯಲು ಮಾತ್ರ ಬೇಕು. ಅದಿಲ್ಲದೆ ಖಾಲಿ ಬಿಟ್ಟರೆ, ನಿಮ್ಮ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೆ, ಅದು ಸಿಕ್ಕವರಿಗೆ ಸರ್ವರ್ ಕೂಡ ಸಿಕ್ಕಂತೆ. ಆದ್ದರಿಂದ ಮನುಷ್ಯರು ಬಳಸುವ ಕೀಲಿಕೈಗೆ ಪಾಸ್‌ಫ್ರೇಸ್ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಪಾಸ್‌ಫ್ರೇಸ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಳ್ಳೆಯದು. ಅಡುಗೆಮನೆಯದ್ದೊಂದು, ಹೊಲದ್ದೊಂದು, ಬಾಲ್ಯದ್ದೊಂದು. ಎಲ್ಲರಿಗೂ ಬಾಯಿಪಾಠ ಇರುವ ವಚನದ ಸಾಲು, ಗಾದೆ ಬೇಡ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿ ಕೂಡ ಇಲ್ಲ. ಕೀಲಿಮಣೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದು ಇರುವುದೇ ಹಾಗೆ.

ಮುಂಚೆ ಖಾಲಿ ಬಿಟ್ಟಿದ್ದರೂ ಹೊಸ ಜೋಡಿ ಬೇಕಿಲ್ಲ. ‘ಎಸ್‌ಎಸ್‌ಎಚ್-ಕೀಜೆನ್ -ಪಿ’ ಕೊಟ್ಟರೆ ಇದ್ದ ಕೀಲಿಕೈಗೆ ಪಾಸ್‌ಫ್ರೇಸ್ ಹಾಕಬಹುದು. ಈ ಪಿ ಸಣ್ಣಕ್ಷರ.

ಕೀಲಿಯನ್ನು ಬಾಗಿಲಿಗೆ ಹಾಕುವುದು

ಲಿನಕ್ಸ್, ಮ್ಯಾಕ್‌ನವರಿಗೆ ಒಂದೇ ಸಾಲು:

ಎಸ್‌ಎಸ್‌ಎಚ್-ಕಾಪಿ-ಐಡಿ -ಐ ~/.ಎಸ್‌ಎಸ್‌ಎಚ್/ಐಡಿ_ಇಡಿ25519.ಪಬ್ ನೇಕಾರ@203.0.113.10

ಕೊನೆಯ ಸಲ ಸರ್ವರ್‌ನ ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಮುಗಿಯಿತು.

ವಿಂಡೋಸ್‌ನಲ್ಲಿ ಈ ಕಮಾಂಡ್ ಇಲ್ಲ. ಕೈಯಿಂದ ಮಾಡಬೇಕು. ನಿಮ್ಮ ಯೂಸರ್ ಫೋಲ್ಡರ್ ಒಳಗೆ ‘.ಎಸ್‌ಎಸ್‌ಎಚ್’ ಫೋಲ್ಡರ್ ಇರುತ್ತದೆ. ಅಲ್ಲಿನ ಪಬ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎರಡು ಸಲ ಒತ್ತಿದರೆ ಕೆಲವರಲ್ಲಿ ಮೈಕ್ರೋಸಾಫ್ಟ್ ಪಬ್ಲಿಷರ್ ತೆರೆಯಲು ನೋಡುತ್ತದೆ, ಯಾಕೆಂದರೆ ಅದರ ಫೈಲಿಗೂ ಪಬ್ ಅಂತಲೇ ಹೆಸರು. ಮೊದಲು ನೋಟ್‌ಪ್ಯಾಡ್ ತೆರೆದು, ಅಲ್ಲಿಂದ ಫೈಲ್ ಆರಿಸಿ. ಒಂದೇ ಉದ್ದ ಸಾಲು ಕಾಣುತ್ತದೆ. ‘ಎಸ್‌ಎಸ್‌ಎಚ್-ಇಡಿ25519’ ಅಂತ ಶುರುವಾಗಿ, ನಾಲ್ಕು ದೊಡ್ಡ ಎ ಅಕ್ಷರ ಬಂದು, ಕೊನೆಗೆ ನಿಮ್ಮ ಗುರುತಿನ ಚೀಟಿ ಇರುತ್ತದೆ. ಪೂರ್ತಿ ಕಾಪಿ ಮಾಡಿ. ಪಾಸ್‌ವರ್ಡ್ ಕೊಟ್ಟು ಸರ್ವರ್ ಒಳಗೆ ಹೋಗಿ:

ಎಂಕೆಡಿಐಆರ್ -ಪಿ ~/.ಎಸ್‌ಎಸ್‌ಎಚ್
ನ್ಯಾನೋ ~/.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್

ನ್ಯಾನೋ ಅಂದರೆ ಸರ್ವರ್‌ನ ನೋಟ್‌ಪ್ಯಾಡ್ ಇದ್ದಂತೆ. ಆ ಸಾಲನ್ನು ಅಲ್ಲಿ ಪೇಸ್ಟ್ ಮಾಡಿ ಉಳಿಸಿ. ಎರಡು ಎಚ್ಚರ. ಫೈಲ್ ಹೆಸರಿನ ಆಥರೈಸ್ಡ್‌ನಲ್ಲಿ ಝೆಡ್ ಅಕ್ಷರ ಬರಬೇಕು. ನಮಗೆ ಶಾಲೆಯಲ್ಲಿ ಕಲಿಸಿದ ಎಸ್ ಹಾಕಿದರೆ ಸರ್ವರ್ ಆ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎರಡನೆಯದು, ಪೇಸ್ಟ್ ಮಾಡುವಾಗ ಸಾಲು ಮಧ್ಯದಲ್ಲಿ ಮುರಿಯಬಾರದು. ಒಂದು ಕೀಲಿ, ಒಂದು ಸಾಲು. ಫೈಲ್‌ನಲ್ಲಿ ಮುಂಚೆಯೇ ಬೇರೆಯವರ ಸಾಲು ಇದ್ದರೆ ಅವುಗಳ ಕೆಳಗೆ ಸೇರಿಸಿ.

ಬಳಿಕ ಅನುಮತಿ ಸರಿಮಾಡಿ:

ಸಿಎಚ್‌ಮಾಡ್ 700 ~/.ಎಸ್‌ಎಸ್‌ಎಚ್
ಸಿಎಚ್‌ಮಾಡ್ 600 ~/.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್

ಸಿಎಚ್‌ಮಾಡ್ ಅಂದರೆ ಸಿ, ಎಚ್, ಎಂ, ಒ, ಡಿ. 700 ಅಂದರೆ ಮನೆ ಯಜಮಾನನಿಗೆ ಮಾತ್ರ ಒಳಗೆ ಪ್ರವೇಶ. 600 ಅಂದರೆ ಯಜಮಾನ ಮಾತ್ರ ಓದಬಹುದು, ಬರೆಯಬಹುದು.

ಈಗ ಹೊಸ ಕಿಟಕಿಯಲ್ಲಿ ಮತ್ತೆ ಲಾಗಿನ್ ಆಗಿ ನೋಡಿ. ಸರ್ವರ್ ಪಾಸ್‌ವರ್ಡ್ ಕೇಳಬಾರದು. ಪಾಸ್‌ಫ್ರೇಸ್ ಕೇಳಿದರೆ ಸರಿಯಾಗಿದೆ.

“ಒಳಗ ಬಿಡವಲ್ದು ರೀ”

ವಿಜಯಪುರದ ಒಬ್ಬ ಹುಡುಗ ಒಣದ್ರಾಕ್ಷಿ ವ್ಯಾಪಾರದ ಒಂದು ವೆಬ್‌ಸೈಟ್ ನೋಡಿಕೊಳ್ಳುತ್ತಾನೆ. ರಾತ್ರಿ ಫೋನ್ ಮಾಡಿದ. “ಅಣ್ಣಾ, ಎಲ್ಲಾ ನೀವು ಹೇಳಿದಂಗ ಮಾಡೀನಿ. ಒಳಗ ಬಿಡವಲ್ದು ರೀ. ಮತ್ತ ಪಾಸ್‌ವರ್ಡ್ ಕೇಳಾಕತ್ತೈತಿ.” ಸಾಲು ಓದಿಸಿದೆ, ಸರಿ ಇತ್ತು. ಫೈಲ್ ಹೆಸರು ಸರಿ ಇತ್ತು. 700, 600 ಎರಡೂ ಸರಿ. ಒಂದು ತಾಸು ಹೋಯಿತು. ಕೊನೆಗೆ ಅವನ ಹೋಮ್ ಫೋಲ್ಡರ್‌ನ ಅನುಮತಿ ಕೇಳಿದೆ. 777. ಹಿಂದೆ ಯಾರೋ ಫೋಟೊ ಅಪ್‌ಲೋಡ್ ಆಗುತ್ತಿಲ್ಲ ಅಂತ ಇಡೀ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟು ಹೋಗಿದ್ದರು.

ಎಸ್‌ಎಸ್‌ಎಚ್ ಇಲ್ಲಿ ತುಂಬಾ ಕಟ್ಟುನಿಟ್ಟು. ನಿಮ್ಮ ಹೋಮ್ ಫೋಲ್ಡರ್‌ಗೆ ಬೇರೆಯವರು ಬರೆಯಬಹುದು ಅಂದರೆ, ಅವರು ಒಳಗಿನ ಎಸ್‌ಎಸ್‌ಎಚ್ ಫೋಲ್ಡರನ್ನೇ ಬದಲಿಸಿ ತಮ್ಮ ಕೀಲಿ ಹಾಕಬಹುದಲ್ವಾ? ಹಾಗಾಗಿ ಅಂಥ ಸರಪಳಿಯನ್ನು ಸರ್ವರ್ ನಂಬುವುದೇ ಇಲ್ಲ. ಸಿಟ್ಟಿನ ಮಾತೂ ಇಲ್ಲ, ಸುಮ್ನೆ ಪಾಸ್‌ವರ್ಡ್ ಕೇಳುತ್ತದೆ. ಪರಿಹಾರ ಒಂದು ಸಾಲು:

ಸಿಎಚ್‌ಮಾಡ್ ಜಿಒ-ಡಬ್ಲ್ಯೂ ~

ಅಂದರೆ ಗುಂಪಿನವರು, ಇತರರು ಇಬ್ಬರಿಂದಲೂ ಬರೆಯುವ ಹಕ್ಕು ತೆಗೆ. ಅಷ್ಟು ಮಾಡಿದ ಕೂಡಲೇ ಅವನು ಒಳಗೆ ಹೋದ.

ಅವತ್ತಿನಿಂದ ನಾನು ಊಹೆ ಬಿಟ್ಟು ಮೊದಲು ಲಾಗ್ ಓದಿಸುತ್ತೇನೆ. ನಿಮ್ಮ ಕಡೆಯಿಂದ ‘ಎಸ್‌ಎಸ್‌ಎಚ್ -ವಿ’ ಅಂತ ಕೊಟ್ಟು ಸಂಪರ್ಕಿಸಿದರೆ ಯಾವ ಕೀಲಿಕೈ ತೋರಿಸಿತು, ಸರ್ವರ್ ಒಪ್ಪಿತಾ ಅಂತ ಸಾಲು ಸಾಲಾಗಿ ಹೇಳುತ್ತದೆ. ಸರ್ವರ್ ಕಡೆ ಇನ್ನೂ ಸ್ಪಷ್ಟ:

ಸುಡೋ ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್

ಅದರಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂಬ ಮಾತು ಕಂಡರೆ ಅನುಮತಿಯದ್ದೇ ಸಮಸ್ಯೆ. ಫೈಲ್‌ನ ಯಜಮಾನ ಯಾರು ಅಂತಲೂ ನೋಡಿ. ಸುಡೋ ಅಂದರೆ ಸರ್ವರ್‌ನ ಪೂರ್ತಿ ಅಧಿಕಾರವಿರುವ ‘ರೂಟ್’ ಯೂಸರ್ ಹೆಸರಿನಲ್ಲಿ ಕೆಲಸ ಮಾಡಿಸುವುದು. ಅದನ್ನು ಹಾಕಿ ಫೈಲ್ ಮಾಡಿದರೆ ಅದರ ಯಜಮಾನ ರೂಟ್ ಆಗಿಬಿಡುತ್ತಾನೆ. ‘ಸಿಎಚ್‌ಓನ್’ ಕಮಾಂಡ್‌ನಿಂದ ನಿಮ್ಮ ಹೆಸರಿಗೆ ಮಾಡಿಕೊಳ್ಳಿ.

ನಿಮ್ಮ ಕಂಪ್ಯೂಟರ್‌ನಲ್ಲೂ ಇದೇ ಕಟ್ಟುನಿಟ್ಟು. ಪೆನ್‌ಡ್ರೈವ್‌ನಿಂದ ಕೀಲಿಕೈ ಕಾಪಿ ಮಾಡಿದಾಗ ಅನುಮತಿಗಳು ಸಡಿಲವಾಗಿರುತ್ತವೆ. ಆಗ ‘ಟೂ ಓಪನ್’ ಎಂಬ ಎಚ್ಚರಿಕೆ ಕೊಟ್ಟು ಆ ಕೀಲಿಕೈಯನ್ನು ಪಕ್ಕಕ್ಕಿಡುತ್ತದೆ. ಕೀಲಿಕೈ ಫೈಲಿಗೂ 600 ಕೊಡಿ.

ಪಾಸ್‌ವರ್ಡ್ ಬಾಗಿಲು ಮುಚ್ಚುವುದು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ನೀವು ಕೀಲಿಕೈಯಿಂದ ಹೋಗುತ್ತೀರಿ, ಆದರೆ ಪಾಸ್‌ವರ್ಡ್‌ನ ಹಿತ್ತಲ ಬಾಗಿಲು ಹಾಗೇ ತೆರೆದಿದೆ. ಊಹಿಸುವವರು ಅಲ್ಲಿಗೇ ಬರುತ್ತಾರೆ.

ಮುಚ್ಚುವ ಮುಂಚೆ ಮೂರು ವಿಷಯ ನೋಡಿ. ಆ ಸರ್ವರ್ ಬಳಸುವ ಎಲ್ಲರೂ ಕೀಲಿಕೈಯಿಂದ ಒಳಗೆ ಹೋಗಿ ನೋಡಿದ್ದಾರಾ? ಎಸ್‌ಎಸ್‌ಎಚ್ ಇಲ್ಲದೆ ಬ್ರೌಸರ್‌ನಿಂದಲೇ ಸರ್ವರ್ ಒಳಗೆ ಹೋಗುವ, ಬಾಡಿಗೆ ಕಂಪನಿಯ ವೆಬ್ ಕನ್ಸೋಲ್ ತೆರೆಯುತ್ತದಾ? ಎಡವಿದರೆ ಒಳಗೆ ಹೋಗಲು ಉಳಿಯುವ ದಾರಿ ಅದೊಂದೇ. ಮತ್ತೆ, ಕರೆಂಟ್. ನಗಬೇಡಿ, ಮಳೆಗಾಲದ ಬೆಳಗಾವಿಯಲ್ಲಿ ಇದು ನಿಜವಾದ ತೊಂದರೆ. ಬದಲಾವಣೆ ಮಾಡುವಾಗ ಒಂದು ಕಿಟಕಿಯಲ್ಲಿ ಲಾಗಿನ್ ಹಾಗೇ ಇಟ್ಟುಕೊಂಡು, ಇನ್ನೊಂದರಲ್ಲಿ ಪರೀಕ್ಷೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ರೌಟರ್ ಆರಿದರೆ ಎರಡೂ ಕಿಟಕಿ ಒಟ್ಟಿಗೆ ಹೋಗುತ್ತವೆ. ಯುಪಿಎಸ್ ಇಲ್ಲದಿದ್ದರೆ ಈ ಹತ್ತು ನಿಮಿಷದ ಕೆಲಸಕ್ಕೆ ಫೋನಿನ ಹಾಟ್‌ಸ್ಪಾಟ್ ಬಳಸಿ.

ಉಬುಂಟು, ಡೆಬಿಯನ್‌ನ ಹೊಸ ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್‌ನ ಮುಖ್ಯ ಸೆಟ್ಟಿಂಗ್ ಫೈಲನ್ನು ಮುಟ್ಟದೆ, ಪಕ್ಕದ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡುವುದು ಒಳ್ಳೆಯದು:

ಸುಡೋ ನ್ಯಾನೋ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ/10-ಕೀಲಿ.ಕಾನ್ಫ್

ಅದರಲ್ಲಿ ಮೂರು ಸಾಲು:

ಪಾಸ್‌ವರ್ಡ್‌ಅಥೆಂಟಿಕೇಶನ್ ನೋ
ಕೆಬಿಡಿಇಂಟರ್‌ಆಕ್ಟಿವ್‌ಅಥೆಂಟಿಕೇಶನ್ ನೋ
ಪರ್ಮಿಟ್‌ರೂಟ್‌ಲಾಗಿನ್ ಪ್ರೊಹಿಬಿಟ್-ಪಾಸ್‌ವರ್ಡ್

ಮೊದಲ ಪದದೊಳಗೆ ಜಾಗ ಬಿಡಬಾರದು. ಅದು ದೊಡ್ಡಕ್ಷರವೋ ಸಣ್ಣಕ್ಷರವೋ ಅಂತ ಚಿಂತೆ ಬೇಡ. ಎರಡನೆಯ ಪದ ಮಾತ್ರ ಸಣ್ಣಕ್ಷರದಲ್ಲೇ ಇರಲಿ.

ಹೆಸರಿನ ಮುಂದೆ 10 ಯಾಕೆ? ಎಸ್‌ಎಸ್‌ಎಚ್ ಒಂದು ಸಂಗತಿಯನ್ನು ಎಷ್ಟು ಸಲ ಓದಿದರೂ ಮೊದಲು ಕಂಡ ಬೆಲೆಯನ್ನೇ, ಅಂದರೆ ಯೆಸ್ ಅಥವಾ ನೋ ಎಂಬಂಥ ಉತ್ತರವನ್ನೇ, ಹಿಡಿಯುತ್ತದೆ. ಎಷ್ಟೋ ಬಾಡಿಗೆ ಸರ್ವರ್‌ಗಳಲ್ಲಿ ‘50-ಕ್ಲೌಡ್-ಇನಿಟ್’ ಎಂಬ ಫೈಲ್ ಅದೇ ಫೋಲ್ಡರ್‌ನಲ್ಲಿ ಕೂತು, ಪಾಸ್‌ವರ್ಡ್‌ಗೆ ‘ಯೆಸ್’ ಅಂದಿರುತ್ತದೆ. ಮುಖ್ಯ ಫೈಲ್‌ನಲ್ಲಿ ‘ನೋ’ ಬರೆದು ಬಾಗಿಲು ಮುಚ್ಚಿತು ಅಂತ ನೆಮ್ಮದಿಯಾಗಿ ಮಲಗಿದವರು ಬಹಳ ಜನ. ಬಾಗಿಲು ತೆರೆದೇ ಇರುತ್ತದೆ. 10 ಎಂಬುದು 50ಕ್ಕಿಂತ ಮುಂಚೆ ಓದಿಸಿಕೊಳ್ಳುತ್ತದೆ.

ಬರೆದದ್ದರಲ್ಲಿ ತಪ್ಪಿದೆಯಾ ಅಂತ ನೋಡಲು ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’, ಸಣ್ಣ ಟಿ. ಏನೂ ಹೇಳದಿದ್ದರೆ ಸರಿ ಇದೆ. ನಂತರ ‘ಸುಡೋ ಸಿಸ್ಟಮ್‌ಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್’. ರೆಡ್ ಹ್ಯಾಟ್ ವಂಶದ ಸರ್ವರ್‌ಗಳಲ್ಲಿ ಕೊನೆಗೆ ಡಿ ಸೇರಿಸಿ ‘ಎಸ್‌ಎಸ್‌ಎಚ್‌ಡಿ’ ಅನ್ನಬೇಕು. ಆಮೇಲೆ ದೊಡ್ಡ ಟಿ ಹಾಕಿ ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ ಕೊಟ್ಟರೆ ಕೊನೆಗೆ ನಿಜವಾಗಿ ಯಾವ ಬೆಲೆ ನಿಂತಿದೆ ಅಂತ ಪೂರ್ತಿ ಪಟ್ಟಿ ಬರುತ್ತದೆ. ಪಾಸ್‌ವರ್ಡ್‌ನ ಸಾಲು ಹುಡುಕಿ ಓದಿ.

ಅಷ್ಟಕ್ಕೇ ಬಿಡಬೇಡಿ, ಕಳ್ಳನಂತೆ ಬಂದು ನೋಡಿ:

ಎಸ್‌ಎಸ್‌ಎಚ್ -ಒ ಪಬ್‌ಕೀಅಥೆಂಟಿಕೇಶನ್=ನೋ ನೇಕಾರ@203.0.113.10

ಕೀಲಿಕೈ ಬಳಸದೆ ಬಾಗಿಲು ತಟ್ಟಿದಂತೆ ಇದು. ಪಾಸ್‌ವರ್ಡ್ ಕೇಳದೆ ‘ಪರ್ಮಿಷನ್ ಡಿನೈಡ್’ ಅಂದರೆ ಮುಚ್ಚಿದೆ. ಹೊಸ ಕಿಟಕಿಯಿಂದ ಕೀಲಿಕೈ ಬಳಸಿ ಹೋಗಲು ಆಗುತ್ತದೆ ಅಂತ ನೋಡಿದ ಮೇಲೆಯೇ ಹಳೆಯ ಕಿಟಕಿ ಮುಚ್ಚಿ.

ದಿನದ ಕೆಲಸಕ್ಕೆ

ಪ್ರತಿ ಸಲ ಪಾಸ್‌ಫ್ರೇಸ್ ಕೊಡುವುದು ಬೇಸರವಾದರೆ ‘ಎಸ್‌ಎಸ್‌ಎಚ್-ಆ್ಯಡ್’ ಬಳಸಿ. ಬೆಳಗ್ಗೆ ಒಮ್ಮೆ ಕೊಟ್ಟರೆ ನಿಮ್ಮ ಕಂಪ್ಯೂಟರ್‌ನಲ್ಲೇ ಹಿಂದೆ ಓಡುವ ‘ಏಜೆಂಟ್’ ಎಂಬ ಪ್ರೋಗ್ರಾಂ ತೆರೆದ ಕೀಲಿಕೈಯನ್ನು ನೆನಪಿಟ್ಟುಕೊಳ್ಳುತ್ತದೆ. ‘-ಟಿ 8ಎಚ್’ ಸೇರಿಸಿದರೆ ಎಂಟು ಗಂಟೆ ಆದ ಮೇಲೆ ಮರೆಯುತ್ತದೆ. ವಿಂಡೋಸ್‌ನಲ್ಲಿ ಈ ಏಜೆಂಟ್ ಸರ್ವಿಸ್ ಬಂದ್ ಆಗಿರುತ್ತದೆ. ಸರ್ವಿಸಸ್ ಪಟ್ಟಿಯಲ್ಲಿ ಹುಡುಕಿ ಒಮ್ಮೆ ಶುರು ಮಾಡಬೇಕು.

ಉದ್ದ ವಿಳಾಸ ನೆನಪಿಡುವ ಬದಲು ನಿಮ್ಮ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ‘ಕಾನ್ಫಿಗ್’ ಎಂಬ ಫೈಲ್ ಮಾಡಿ:

ಹೋಸ್ಟ್ ಸೀರೆ
ಹೋಸ್ಟ್‌ನೇಮ್ 203.0.113.10
ಯೂಸರ್ ನೇಕಾರ
ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಇಡಿ25519

ಆಮೇಲೆ ‘ಎಸ್‌ಎಸ್‌ಎಚ್ ಸೀರೆ’ ಅಂದರೆ ಸಾಕು.

ರಾತ್ರಿ ತಾನಾಗಿ ನಡೆಯುವ ಬ್ಯಾಕಪ್‌ಗೆ ಪಾಸ್‌ಫ್ರೇಸ್ ಕೊಡಲು ಯಾರೂ ಎದ್ದಿರುವುದಿಲ್ಲ. ಅದಕ್ಕೆ ಪಾಸ್‌ಫ್ರೇಸ್ ಇಲ್ಲದ ಬೇರೆಯದೇ ಜೋಡಿ ಮಾಡಿ. ಸರ್ವರ್‌ನಲ್ಲಿ ಆ ಸಾಲಿನ ಶುರುವಿಗೆ ‘ರಿಸ್ಟ್ರಿಕ್ಟ್’ ಅಂತ ಬರೆದು, ಅಲ್ಪವಿರಾಮ ಹಾಕಿ, ‘ಕಮಾಂಡ್=’ ಎಂದು ಬ್ಯಾಕಪ್‌ನ ಒಂದೇ ಕಮಾಂಡ್ ಉದ್ಧರಣ ಚಿಹ್ನೆಯೊಳಗೆ ಕೊಡಿ. ಆ ಕೀಲಿಕೈ ಕಳುವಾದರೂ ಅದರಿಂದ ಆ ಒಂದು ಕೆಲಸ ಬಿಟ್ಟು ಬೇರೇನೂ ಆಗುವುದಿಲ್ಲ.

ಹೊಸಬರು ಬಂದಾಗ, ಇದ್ದವರು ಹೋದಾಗ

ಹೊಸಬರಿಗೆ ನಿಮ್ಮ ಕೀಲಿಕೈ ಕೊಡಬೇಡಿ. ಅವರೇ ತಮ್ಮ ಕಂಪ್ಯೂಟರ್‌ನಲ್ಲಿ ಜೋಡಿ ಮಾಡಿ ಪಬ್ ಸಾಲು ಕಳಿಸಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ಗುಟ್ಟು ಹೊರಬೀಳುವುದಿಲ್ಲ, ಅದು ಕೀಲಿ ತಾನೇ. ಆದರೆ ಬಂದ ಕೂಡಲೇ ಮೊದಲ ಅಕ್ಷರ ನೋಡಿ. ‘ಎಸ್‌ಎಸ್‌ಎಚ್-ಇಡಿ25519’ ಅಂತ ಶುರುವಾದರೆ ಸರಿ. ಐದು ಹೈಫನ್ ಬಂದು ‘ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ’ ಅಂತ ಇದ್ದರೆ ಅವರು ಕೀಲಿಕೈಯನ್ನೇ ಕಳಿಸಿದ್ದಾರೆ. ಬೈಯಬೇಡಿ. ಮೆಸೇಜ್ ಅಳಿಸಿದರೂ ಸಾಲದು, ಆ ಜೋಡಿ ಬಿಟ್ಟು ಹೊಸದು ಮಾಡಲು ಹೇಳಿ. ಬಂದ ಕೀಲಿ ಅವರದ್ದೇ ಅಂತ ಖಾತ್ರಿಗೆ, ಇಬ್ಬರೂ ‘ಎಸ್‌ಎಸ್‌ಎಚ್-ಕೀಜೆನ್ -ಎಲ್ಎಫ್’ ಆದಮೇಲೆ ಪಬ್ ಫೈಲ್‌ನ ಹೆಸರು ಕೊಟ್ಟು, ಬಂದ ಬೆರಳಚ್ಚನ್ನು ಫೋನಿನಲ್ಲಿ ಓದಿ ಹೋಲಿಸಿ.

ಒಬ್ಬರಿಗೆ ಎರಡು ಕಂಪ್ಯೂಟರ್ ಇದ್ದರೆ ಎರಡು ಜೋಡಿ. ಕಾಪಿ ಮಾಡಿಕೊಂಡು ಎರಡೂ ಕಡೆ ಒಂದನ್ನೇ ಇಟ್ಟರೆ, ಒಂದು ಕಳೆದಾಗ ಎರಡೂ ಕಡೆ ಕೆಲಸ ನಿಲ್ಲುತ್ತದೆ.

ಯಾರಾದರೂ ಕೆಲಸ ಬಿಟ್ಟರೆ, ಲ್ಯಾಪ್‌ಟಾಪ್ ಕಳೆದರೆ, ಆಥರೈಸ್ಡ್_ಕೀಸ್ ತೆರೆದು ಅವರ ಚೀಟಿ ಇರುವ ಸಾಲು ಅಳಿಸಿ. ಉಳಿದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಆ ಹೊತ್ತಿಗೆ ಒಳಗೇ ಇದ್ದವರು ಸಾಲು ಅಳಿಸಿದ್ದರಿಂದ ಹೊರಗೆ ಬೀಳುವುದಿಲ್ಲ. ‘ಹೂ’ (ಡಬ್ಲ್ಯೂ, ಎಚ್, ಒ) ಕಮಾಂಡ್ ಕೊಟ್ಟು ಯಾರಿದ್ದಾರೆ ನೋಡಿ, ಅವರ ಸೆಷನ್ ಮುಗಿಸಬೇಕು. ಒಂದೇ ಯೂಸರ್ ಹೆಸರಿನಲ್ಲಿ ನಾಲ್ಕು ಜನ ಬರುತ್ತಿದ್ದರೂ ಯಾರು ಬಂದರು ಅಂತ ಲಾಗ್ ಹೇಳುತ್ತದೆ. ‘ಆಕ್ಸೆಪ್ಟೆಡ್ ಪಬ್ಲಿಕ್‌ಕೀ’ ಸಾಲಿನ ಕೊನೆಗೆ ಬಳಸಿದ ಕೀಲಿಯ ಬೆರಳಚ್ಚು ಇರುತ್ತದೆ.

ಆ ಇಳಕಲ್ ಸರ್ವರ್‌ನ ಒಂದು ಮಾತು ಮೇಲೆ ಹೇಳಿರಲಿಲ್ಲ. ಒಳಗೆ ಬಂದವರು ಆಥರೈಸ್ಡ್_ಕೀಸ್‌ನಲ್ಲಿ ತಮ್ಮದೊಂದು ಸಾಲು ಸೇರಿಸಿ ಹೋಗಿದ್ದರು. ನಾನು ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಿದ್ದರೆ ಅವರು ಮರುದಿನ ಕೀಲಿಕೈ ಹಿಡಿದು ಬರುತ್ತಿದ್ದರು. ಅದಕ್ಕೆ ಪ್ರತಿ ತಿಂಗಳ ಮೊದಲ ವಾರ ಆ ಫೈಲನ್ನು ಮಾಲೀಕರ ಸೊಸೆಯ ಜೊತೆ ಫೋನಿನಲ್ಲಿ ಓದುತ್ತೇನೆ. ರೂಟ್‌ನ ಫೈಲನ್ನೂ ಓದುತ್ತೇವೆ, ಅದು ಬೇರೆ ಕಡೆ ಇರುತ್ತದೆ. ಈಗ ಸರ್ವರ್ ನೋಡಿಕೊಳ್ಳುವುದು ಅವರೇ. ನಾನು ಚೀಟಿಯ ಹೆಸರು ಹೇಳುತ್ತೇನೆ, ಅವರು “ಹೌದ್ರಿ, ಅದು ಅಂಗಡೀದು”, “ಅದು ನನ್ನದು” ಅಂತಾರೆ. ಇಬ್ಬರಿಗೂ ಗೊತ್ತಿಲ್ಲದ ಸಾಲು ಬಂದರೆ ಅವತ್ತೇ ತೆಗೆದು, ಲಾಗ್ ತೆರೆದು ಕೂರುತ್ತೇವೆ.